ಸದನದ ಉತ್ತರದಲ್ಲಿ ‘ಉದ್ಭವಿಸುವುದಿಲ್ಲ’ ಎಂದು ಬಂದಿದೆ. ನಮ್ಮ ದವಾಖಾನೆಗೆ ಡಾಕ್ಟರು ಬರುವುದು ಹೇಗೆ?

ಹಾವೇರಿ ಕಡೆಯ ರೈತ:

ಎಲ್ಲರಿಗೂ ಶರಣು. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವನು. ಯಾವುದೇ ಒಬ್ಬ ನೌಕರರ ಮೇಲೆ ದೂರು ಹೇಳುವುದು ನನ್ನ ಉದ್ದೇಶವಲ್ಲವಾದ್ದರಿಂದ ಊರಿನ ಹೆಸರನ್ನು ಬರೆಯುತ್ತಿಲ್ಲ.

ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುತ್ತಲಿನ ಹನ್ನೊಂದು ಹಳ್ಳಿಗಳ ಜನ ಬರುತ್ತಾರೆ. ವೈದ್ಯಾಧಿಕಾರಿಗಳ ಕೊಠಡಿಯ ಬಾಗಿಲಿಗೆ ಅವರ ಹೆಸರಿನ ಫಲಕವಿದೆ, ಒಳಗೆ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಹಾಕಿದೆ, ಆದರೆ ಗುರುವಾರ ಒಂದು ದಿನ ಬಿಟ್ಟರೆ ಆ ಕುರ್ಚಿಯಲ್ಲಿ ಯಾರೂ ಇರುವುದಿಲ್ಲ. ಉಳಿದ ದಿನ ಹೋದರೆ ಸಿಸ್ಟರ್ ಬಿಪಿ ನೋಡಿ, ಇದ್ದ ಗುಳಿಗೆ ಕೊಟ್ಟು, “ಡಾಕ್ಟರ್ ಸಾಹೇಬ್ರು ಗುರುವಾರ ಬರ್ತಾರ್ರೀ” ಎಂದು ಹೇಳಿ ಕಳಿಸುತ್ತಾರೆ. ಕಳೆದ ಮಳೆಗಾಲದಲ್ಲಿ ಗೋವಿನಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ನಮ್ಮ ಅತ್ತಿಗೆಯವರಿಗೆ ಹಾವು ಕಚ್ಚಿತು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ದವಾಖಾನೆಯ ಫ್ರಿಜ್ಜಿನಲ್ಲೇ ಇತ್ತು, ಕೊಡಬೇಕಾದ ವೈದ್ಯರು ಇರಲಿಲ್ಲ. 108ರ ಗಾಡಿ ಬಂದು ಜಿಲ್ಲಾ ಆಸ್ಪತ್ರೆಗೆ ಒಯ್ಯುವವರೆಗೆ ಅವರ ಕಾಲು ಮೊಣಕಾಲಿನವರೆಗೆ ಬಾತುಕೊಂಡಿತ್ತು. ಜೀವ ಉಳಿಯಿತು, ಅಷ್ಟು ಪುಣ್ಯ.

ಆಮೇಲೆ ನಾವು ಹತ್ತು ಜನ ಶಾಸಕರ ಬಳಿ ಹೋದೆವು. ಅವರು ಮನಸ್ಸಿಟ್ಟು ಕೇಳಿ, ಬೆಳಗಾವಿಯ ಅಧಿವೇಶನದಲ್ಲಿ ಆರೋಗ್ಯ ಸಚಿವರಿಗೆ ಪ್ರಶ್ನೆ ಹಾಕಿದರು. ಲಿಖಿತ ಉತ್ತರದ ಪ್ರತಿ ನನ್ನ ಮುಂದಿದೆ. ಎಡಗಡೆ ಪ್ರಶ್ನೆ: “(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯಾಧಿಕಾರಿಗಳ ಹುದ್ದೆ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಎಷ್ಟು ಹುದ್ದೆಗಳು, ಎಂದಿನಿಂದ ಖಾಲಿ ಇವೆ? (ಇ) ಭರ್ತಿ ಮಾಡಲು ಕೈಗೊಂಡ ಕ್ರಮಗಳೇನು?” ಬಲಗಡೆ ಉತ್ತರ: “(ಅ) ಯಾವುದೇ ಹುದ್ದೆ ಖಾಲಿ ಇರುವುದಿಲ್ಲ. (ಆ) ಮತ್ತು (ಇ) ಉದ್ಭವಿಸುವುದಿಲ್ಲ.”

ಸಚಿವರು ಸದನಕ್ಕೆ ಸುಳ್ಳು ಹೇಳಿದ್ದಾರೆಯೇ? ಹಾಗಿದ್ದರೆ ಮುಂದಿನ ದಾರಿ ಏನು? ತಿಳಿದವರು ದಯವಿಟ್ಟು ಬರೆಯಬೇಕು.

ನಿವೃತ್ತ ಕಚೇರಿ ಅಧೀಕ್ಷಕ, ಧಾರವಾಡ:

ನಿಮ್ಮ ಅತ್ತಿಗೆಯವರು ಉಳಿದುಕೊಂಡದ್ದು ದೊಡ್ಡ ಸಮಾಧಾನ. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟು: ಸಚಿವರು ಸುಳ್ಳು ಹೇಳಿಲ್ಲ, ಆದರೂ ನಿಮಗೆ ಬೇಕಾದ ಸತ್ಯ ಆ ಹಾಳೆಯಲ್ಲಿ ಇಲ್ಲ. ಇದು ಹೇಗೆ ಸಾಧ್ಯ ಎಂಬುದನ್ನು, ಇಂಥ ಉತ್ತರಗಳನ್ನು ತಯಾರಿಸುವ ಟೇಬಲ್ಲಿನಲ್ಲಿ ಬಹಳ ವರ್ಷ ಕುಳಿತವನಾಗಿ ಹೇಳುತ್ತೇನೆ.

ವಿಧಾನಸಭೆಯ ಪ್ರಶ್ನೆಗೆ ಕಚೇರಿಗಳಲ್ಲಿ ‘ಎಲ್‌ಎಕ್ಯೂ’ ಎನ್ನುತ್ತಾರೆ, ಪರಿಷತ್ತಿನದಾದರೆ ‘ಎಲ್‌ಸಿಕ್ಯೂ’. ಶಾಸಕರು ಕೊಟ್ಟ ಪ್ರಶ್ನೆ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಆಯುಕ್ತಾಲಯಕ್ಕೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿಗೆ, ಕೊನೆಗೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಇಳಿದು ಬರುತ್ತದೆ. ಎಲ್‌ಎಕ್ಯೂ ಬಂತೆಂದರೆ ಉಳಿದ ಕಡತಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ, ಸಂಜೆಯೊಳಗೆ ಮಾಹಿತಿ ಕಳಿಸಿರೆಂದು ಮೇಲಿನಿಂದ ಫೋನಿನ ಮೇಲೆ ಫೋನು ಬರುತ್ತದೆ. ಆ ಅವಸರದಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತ ನೋಡುವುದು ಒಂದೇ ತಖ್ತೆಯನ್ನು: ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಖಾಲಿ ಹುದ್ದೆ.

ನಿಮ್ಮೂರಿನ ವೈದ್ಯರ ಹೆಸರಿನ ಫಲಕ ಇನ್ನೂ ಬಾಗಿಲಿಗಿದೆ, ಅವರು ವಾರಕ್ಕೊಮ್ಮೆ ಬರುತ್ತಾರೆ ಎಂದಿದ್ದೀರಿ. ಹಾಗಾದರೆ ಅವರನ್ನು ಬೇರೆ ಆಸ್ಪತ್ರೆಗೆ ‘ನಿಯೋಜನೆ’ ಮೇಲೆ ಕಳಿಸಿರುವ ಸಂಭವ ಬಹಳ. ನಿಯೋಜನೆಯಲ್ಲಿ ಹೋದವರ ಹುದ್ದೆ ಮೂಲ ಜಾಗದಲ್ಲೇ ಇರುತ್ತದೆ, ಸಂಬಳವೂ ಅದೇ ಹುದ್ದೆಯ ಮೇಲೆ ಆಗುತ್ತದೆ. ಆದ್ದರಿಂದ ತಖ್ತೆಯ ಪ್ರಕಾರ ನಿಮ್ಮ ದವಾಖಾನೆಯಲ್ಲಿ ಒಂದು ಹುದ್ದೆ ಮಂಜೂರು, ಒಂದು ಭರ್ತಿ, ಖಾಲಿ ಸೊನ್ನೆ. ಶಾಸಕರು ಕೇಳಿದ್ದು ‘ಖಾಲಿ ಇದೆಯೇ’ ಎಂದು, ಅಧಿಕಾರಿಗಳು ಕೊಟ್ಟದ್ದು ‘ಇಲ್ಲ’ ಎಂದು. (ಅ) ಬಿದ್ದ ಕೂಡಲೇ (ಆ) ಮತ್ತು (ಇ) ತಾವಾಗಿಯೇ ಬಿದ್ದವು. ‘ಬಂದಿದ್ದಲ್ಲಿ’ ಎಂಬ ಪದವನ್ನು ಪ್ರಶ್ನೆಯಲ್ಲಿ ಹಾಕುವುದೆಂದರೆ ‘ಉದ್ಭವಿಸುವುದಿಲ್ಲ’ ಎನ್ನಲು ಬಾಗಿಲು ತೆರೆದು ಕೊಟ್ಟಂತೆ. ಬೇಕಾದರೆ ವಿಧಾನಸಭೆಯ ಜಾಲತಾಣದಲ್ಲಿ ಹಳೆಯ ಉತ್ತರಗಳನ್ನು ತೆರೆದು ನೋಡಿ, ಆ ಪದ ಎಷ್ಟು ಕಡೆ ಸಿಗುತ್ತದೆಂದು ನಿಮಗೇ ತಿಳಿಯುತ್ತದೆ.

ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಇಂಥ ಸೊನ್ನೆಗಳನ್ನು ನಾನೂ ತುಂಬಿದ್ದೇನೆ. ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡುವುದು ನಮಗೆ ಕಲಿಸಿದ ಪಾಠವಾಗಿತ್ತು. ಆದ್ದರಿಂದ ಕೇಳುವವರೇ ಸರಿಯಾಗಿ ಕೇಳಬೇಕು. ಹುದ್ದೆಯ ವಿಚಾರ ಬಿಟ್ಟು, ವೈದ್ಯರು ಆ ಕುರ್ಚಿಯಲ್ಲಿ ಎಷ್ಟು ದಿನ ಕುಳಿತಿದ್ದರು ಎಂದು ಕೇಳಿಸಿ.

ಗದಗಿನ ವಕೀಲ:

ಧಾರವಾಡದ ಹಿರಿಯರು ಮೂಲವನ್ನೇ ಹಿಡಿದಿದ್ದಾರೆ. ಸದನದ ಕ್ರಮದ ಬಗ್ಗೆ ನಾನು ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ಕೈಯಲ್ಲಿರುವುದು ಚುಕ್ಕೆ ಗುರುತಿಲ್ಲದ, ಅಂದರೆ ಲಿಖಿತ ಉತ್ತರವಷ್ಟೇ ಸಿಗುವ ಪ್ರಶ್ನೆಯ ಉತ್ತರ ಎಂದು ಕಾಣುತ್ತದೆ, ಹಾಳೆಯ ನೆತ್ತಿಯ ಮೇಲೆ ನೋಡಿದರೆ ಗೊತ್ತಾಗುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಪ್ರಶ್ನೋತ್ತರ ವೇಳೆಯಲ್ಲಿ ಸಚಿವರು ಎದ್ದು ನಿಂತು ಉತ್ತರಿಸಬೇಕು, ಮತ್ತು ಅಲ್ಲಿಯೇ ಶಾಸಕರು ಉಪಪ್ರಶ್ನೆ ಕೇಳಬಹುದು. “ಹುದ್ದೆ ಭರ್ತಿ ಇದೆ ಎನ್ನುತ್ತೀರಿ, ಆ ವೈದ್ಯರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ?” ಎಂಬ ಒಂದೇ ಉಪಪ್ರಶ್ನೆ ಸಾಕಿತ್ತು. ಆದರೆ ಚುಕ್ಕೆ ಗುರುತಿನ ಪಟ್ಟಿಯಲ್ಲಿ ಜಾಗ ಸಿಗುವುದು ಕೆಲವೇ ಪ್ರಶ್ನೆಗಳಿಗೆ, ಸಿಕ್ಕರೂ ಗದ್ದಲದಲ್ಲಿ ಆ ವೇಳೆ ಮುಗಿದು ಹೋಗುವುದುಂಟು. 224 ಸದಸ್ಯರ ಸದನದಲ್ಲಿ ನಮ್ಮ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ 17 ಕ್ಷೇತ್ರಗಳು, ಹೀಗಿರುವಾಗ ಒಂದೇ ದಾರಿಯನ್ನು ನಂಬಿ ಕೂರಬಾರದು. ಶಾಸಕರು ಇಂಥ ವಿಷಯವನ್ನು ಸದನದಲ್ಲಿ ಎತ್ತಲು ನಿಯಮ 73ರ ಗಮನ ಸೆಳೆಯುವ ಸೂಚನೆ ಇದೆ, ನಿಯಮ 351ರ ಸೂಚನೆ ಇದೆ. ಪರಿಷತ್ತಿನಲ್ಲಿ ಇದೇ ಕೆಲಸವನ್ನು ನಿಯಮ 72 ಮತ್ತು 330 ಮಾಡುತ್ತವೆ. ನಮ್ಮ ಮೂರು ಜಿಲ್ಲೆ ಮತ್ತು ಉತ್ತರ ಕನ್ನಡ ಸೇರಿದ ಪಶ್ಚಿಮ ಪದವೀಧರರ ಕ್ಷೇತ್ರದಿಂದ ಒಬ್ಬರು, ಶಿಕ್ಷಕರ ಕ್ಷೇತ್ರದಿಂದ ಒಬ್ಬರು ಪರಿಷತ್ತಿನಲ್ಲಿರುತ್ತಾರೆ. ಅವರ ಬಳಿಗೆ ದವಾಖಾನೆಯ ಮಾತು ಹಿಡಿದು ಹೋಗುವವರು ಕಡಿಮೆ, ಹೋಗಬೇಕು.

ಇನ್ನೊಂದು ಮುಖ್ಯ ಮಾತು. ಸಚಿವರು ಸದನದಲ್ಲಿ “ಕ್ರಮ ಕೈಗೊಳ್ಳಲಾಗುವುದು” ಎಂದು ಒಮ್ಮೆ ಹೇಳಿದರೆ ಅದು ಭರವಸೆ ಆಗುತ್ತದೆ, ಮತ್ತು ಆ ಭರವಸೆ ಈಡೇರಿತೇ ಎಂದು ನೋಡಲು ಸರ್ಕಾರಿ ಭರವಸೆಗಳ ಸಮಿತಿ ಎಂಬುದಿದೆ. ‘ಉದ್ಭವಿಸುವುದಿಲ್ಲ’ ಎಂಬ ಉತ್ತರದಲ್ಲಿ ಭರವಸೆಯೇ ಇಲ್ಲ, ಆದ್ದರಿಂದ ಬೆನ್ನು ಹತ್ತಲು ಏನೂ ಉಳಿಯುವುದಿಲ್ಲ. ಸಚಿವರ ಬಾಯಿಂದ ಒಂದು ತಾರೀಖು ಬರುವಂತೆ ಪ್ರಶ್ನೆ ಇರಬೇಕು.

ಮೊದಲು ದಾಖಲೆ ಕೈಗೆ ತೆಗೆದುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನಗಳ ಗಡುವು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಆದ್ದರಿಂದ ನಿಯೋಜನೆಯ ಆದೇಶದ ಪ್ರತಿಗೆ ಒಂದು ಅರ್ಜಿ, ಹಾಜರಿ ವಿವರಕ್ಕೆ ಇನ್ನೊಂದು ಅರ್ಜಿ ಹಾಕಿ.

ಹುಬ್ಬಳ್ಳಿಯ ಓದುಗ:

ಇದು ದವಾಖಾನೆಯೊಂದರ ಕಥೆಯಲ್ಲ. ನಮ್ಮಲ್ಲಿ 2008ರಿಂದ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರಿನ ಯೋಜನೆ ನಡೆದಿದೆ. ಸದನದಲ್ಲಿ ‘ಎಷ್ಟು ನಲ್ಲಿ ಸಂಪರ್ಕ ಕೊಡಲಾಗಿದೆ’ ಎಂದು ಕೇಳಿದರೆ ಸಂಖ್ಯೆ ಬರುತ್ತದೆ. ಉಳಿದ ವಾರ್ಡುಗಳ ಒಬ್ಬ ತಾಯಿಗೆ ಬೇಕಾದದ್ದು ‘ನನ್ನ ಓಣಿಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ’ ಎಂಬ ಲೆಕ್ಕ. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಇಷ್ಟು ಎತ್ತಿದೆವು ಎಂಬ ಉತ್ತರದಿಂದ ಆ ಕೊಡ ತುಂಬುವುದಿಲ್ಲ.

ಕುಂದಗೋಳದ ಶಿಕ್ಷಕಿ:

ಹಿರಿಯರಿಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎರಡು ಕಡೆ ನನ್ನ ಅಭಿಪ್ರಾಯ ಬೇರೆ ಇದೆ.

ಮುಂದಿನ ಅಧಿವೇಶನದವರೆಗೆ ಕಾಯುವುದು ಏಕೆ? ಇಲಾಖೆಗಳ ಕೆಲಸವನ್ನು ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು, ಅಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳು ಎದುರಿಗೇ ಕುಳಿತಿರುತ್ತಾರೆ. ಜಿಲ್ಲಾ ಮಟ್ಟದ ಸಭೆಯನ್ನು ಉಸ್ತುವಾರಿ ಸಚಿವರು ನಡೆಸುತ್ತಾರೆ. ಬೆಳಗಾವಿಯಲ್ಲಿ ಹಾಳೆಯ ಮೇಲೆ ಕೇಳಿದ್ದನ್ನು ಇಲ್ಲಿ ಬಾಯಿಂದ ಕೇಳಿ, ಅದೇ ಕ್ಷಣ ಉತ್ತರ ಪಡೆಯಬಹುದು, ಮತ್ತು ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ನಿಮ್ಮ ಪಂಚಾಯ್ತಿಯ ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿಸಿ, ಅದರ ಪ್ರತಿಯನ್ನು ಶಾಸಕರ ಕೈಗೆ ಕೊಡಿ. ಹತ್ತು ಜನ ಹೋಗಿ ಹೇಳಿದ್ದಕ್ಕಿಂತ ಹನ್ನೊಂದು ಹಳ್ಳಿಗಳ ಠರಾವಿಗೆ ತೂಕ ಹೆಚ್ಚು.

ಎರಡನೆಯದು, ಆ ವೈದ್ಯರ ಮೇಲೆ ಸಿಟ್ಟಾಗಬೇಡಿ. ಅವರು ನಿಯೋಜನೆಯಲ್ಲಿ ಹೋಗಿರುವ ಕಡೆಯಲ್ಲೂ ನಿಮ್ಮಂಥ ಜನರೇ ಸಾಲಿನಲ್ಲಿ ನಿಂತಿರಬಹುದು. ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕವಿದೆ. ಅಷ್ಟು ಜನರಿಗೆ ಒಬ್ಬರೇ ವೈದ್ಯರು, ಅವರನ್ನೂ ಎರಡು ಕಡೆ ಹಂಚಿದರೆ ಆ ಮನುಷ್ಯ ಏನು ಮಾಡಬೇಕು? ‘ಅವರನ್ನು ವಾಪಸ್ ಕಳಿಸಿ’ ಎಂದಷ್ಟೇ ಕೇಳಿದರೆ ಇನ್ನೊಂದು ಊರಿನ ಕುರ್ಚಿ ಖಾಲಿಯಾಗುತ್ತದೆ.

ಹಾವೇರಿ ಕಡೆಯ ರೈತ:

ಎಲ್ಲರಿಗೂ ಕೈಮುಗಿಯುತ್ತೇನೆ. ನಿಯೋಜನೆ ಎಂಬ ಮಾತನ್ನು ಸಿಸ್ಟರ್ ಅವರಲ್ಲಿ ಕೇಳಿದೆ. ಡಾಕ್ಟರು ಬೇರೆ ತಾಲ್ಲೂಕಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿರುವುದು ಹೌದಂತೆ. ಮಾಹಿತಿ ಹಕ್ಕಿನ ಎರಡು ಅರ್ಜಿಗಳನ್ನು ಸೋಮವಾರ ಕೊಟ್ಟಿದ್ದೇನೆ. ಅಕ್ಕಾವ್ರು ಹೇಳಿದ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ನಾಟಿತು. ಸಿಟ್ಟಿನಲ್ಲಿ ನಾವು ಹಾಗೆ ಯೋಚಿಸಿರಲಿಲ್ಲ. ಶಾಸಕರಿಗೆ ಕೊಡಲು ಹೊಸ ಪ್ರಶ್ನೆಯನ್ನು ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿರಿ:

“(ಅ) ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯಾಧಿಕಾರಿಗಳಲ್ಲಿ ನಿಯೋಜನೆಯ ಮೇಲೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು ಮಂದಿ? (ಕೇಂದ್ರವಾರು, ಆದೇಶದ ದಿನಾಂಕದೊಂದಿಗೆ ವಿವರ ನೀಡುವುದು) (ಆ) ಕಳೆದ ಆರು ತಿಂಗಳಲ್ಲಿ ಪ್ರತಿಯೊಂದು ಕೇಂದ್ರದಲ್ಲಿ ವೈದ್ಯರು ಹಾಜರಿದ್ದು ಹೊರರೋಗಿಗಳನ್ನು ನೋಡಿದ ದಿನಗಳು ಎಷ್ಟು? (ಇ) ಈ ಕೇಂದ್ರಗಳಿಗೂ, ನಿಯೋಜನೆ ಮಾಡಿರುವ ಆಸ್ಪತ್ರೆಗಳಿಗೂ ಪೂರ್ಣಾವಧಿ ವೈದ್ಯರನ್ನು ಯಾವ ದಿನಾಂಕದೊಳಗೆ ಒದಗಿಸಲಾಗುವುದು?”

ನಿವೃತ್ತ ಕಚೇರಿ ಅಧೀಕ್ಷಕ, ಧಾರವಾಡ:

ಬಹಳ ಚೆನ್ನಾಗಿದೆ, ‘ಬಂದಿದ್ದಲ್ಲಿ’ ಎಂಬುದನ್ನು ತೆಗೆದಿದ್ದೀರಿ. ಒಂದೇ ತಿದ್ದುಪಡಿ: (ಅ)ದಲ್ಲಿ “ನಿಯೋಜನೆಯ ಮೇಲೆ” ಎಂಬಲ್ಲಿ “ನಿಯೋಜನೆ, ಹೆಚ್ಚುವರಿ ಪ್ರಭಾರ ಅಥವಾ ಅನ್ಯ ಕಾರ್ಯ ನಿಮಿತ್ತ” ಎಂದು ಬರೆಯಿರಿ. ಕಚೇರಿಯಲ್ಲಿ ಕೊನೆಯದಕ್ಕೆ ‘ಓಓಡಿ’ ಎನ್ನುತ್ತಾರೆ. ನಿಮ್ಮ ವೈದ್ಯರ ಆದೇಶ ಆ ಹೆಸರಿನಲ್ಲಿದ್ದು, ನೀವು ನಿಯೋಜನೆ ಎಂದಷ್ಟೇ ಕೇಳಿದರೆ, ತಖ್ತೆಯಲ್ಲಿ ಮತ್ತೆ ಸೊನ್ನೆ ಬರುತ್ತದೆ.