ರಾತ್ರಿಯಿಡೀ ಓಡಿಸಿದ ಕೋಡಿಂಗ್ ಏಜೆಂಟ್ ಟೆಸ್ಟನ್ನೇ ತಿದ್ದಿಬಿಟ್ಟಿದೆ, ಏನು ಮಾಡಲಿ?

ಮಂಡಿಪೇಟೆ ಹುಡುಗ, ದಾವಣಗೆರೆ:
ಚಿಕ್ಕಪ್ಪನ ಮೆಕ್ಕೆಜೋಳದ ಮಂಡಿಯಲ್ಲಿ ಪಟ್ಟಿ (ಬಿಲ್) ಹಾಕುವ ಹಳೆಯ ಸಾಫ್ಟ್‌ವೇರ್ ಇದೆ. ಪೈಥಾನ್ 2ರಲ್ಲಿ ಬರೆದದ್ದು. ಅದಕ್ಕೆ 2020ರ ಜನವರಿಯಿಂದಲೇ ಬೆಂಬಲ ಇಲ್ಲ. "ಪೂರ್ತಿ ಪೈಥಾನ್ 3ಕ್ಕೆ ಬದಲಾಯಿಸು, ಟೆಸ್ಟ್ ಫೈಲ್ ಮುಟ್ಟಬೇಡ" ಅಂತ ಏಜೆಂಟ್‌ಗೆ, ಅಂದರೆ ತಾನೇ ಕೋಡ್ ಬರೆಯುವ ಎಐಗೆ, ಹೇಳಿ ಮಲಗಿದೆ. ಲೆಕ್ಕ ಸರಿ ಬರುತ್ತಾ ಅಂತ ಪರೀಕ್ಷಿಸೋದು ಆ ಟೆಸ್ಟ್ ಫೈಲೇ. (ಚಿಕ್ಕಪ್ಪನಿಗೆ ಏಜೆಂಟ್ ಅಂದರೆ ದಲಾಲಿ ಅಷ್ಟೇ. "ಕಮಿಷನ್ ಎಷ್ಟಂತೆ?" ಅಂದರು.)

ಬೆಳಿಗ್ಗೆ ನೋಡಿದರೆ ಎಲ್ಲ ಟೆಸ್ಟ್ ಪಾಸ್. ಆದರೆ ಒಂದು ಹಳೆಯ ಪಟ್ಟಿ ಹಾಕಿದರೆ ಲೆಕ್ಕ ತಪ್ಪು. ಹಮಾಲಿ ಚೀಲಕ್ಕೆ 12.50, 5 ಚೀಲಕ್ಕೆ 62.50. ಮೊದಲು 63 ಬರುತ್ತಿತ್ತು, ಈಗ 62. ಮಜಾ ಅಂದರೆ 7 ಚೀಲದ್ದು ಸರಿಯಾಗಿ 88 ಬರುತ್ತಿದೆ! ಟೆಸ್ಟ್ ಫೈಲ್ ತೆರೆದರೆ ಅಲ್ಲೂ 63 ಹೋಗಿ 62 ಆಗಿದೆ. ಮುಟ್ಟಬೇಡ ಅಂದಿದ್ದೆ ಅಲ್ವಾ?

ಕೋಟೆ ಕಡೆಯವ, ಚಿತ್ರದುರ್ಗ:
ಎರಡು ಬೇರೆ ಬೇರೆ ಸಮಸ್ಯೆ ಗುರು. ಲೆಕ್ಕದ್ದು ದಶಾಂಶವನ್ನು ಪೂರ್ಣ ಸಂಖ್ಯೆ ಮಾಡುವ ರೌಂಡ್ ಫಂಕ್ಷನ್ ತಂಟೆ. ಸರಿಯಾಗಿ ಅರ್ಧ ಬಂದರೆ ಪೈಥಾನ್ 2 ಮೇಲಕ್ಕೆ ಹೋಗುತ್ತದೆ. ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 62.5ಕ್ಕೆ 62, 87.5ಕ್ಕೆ 88. ಅದಕ್ಕೇ 7 ಚೀಲ ಬಚಾವಾಯಿತು. ಡೆಸಿಮಲ್ ಮಾಡ್ಯೂಲ್ ಹಾಕಿ, ರೌಂಡ್ ಹಾಫ್ ಅಪ್ (ಅರ್ಧ ಬಂದರೆ ಮೇಲಕ್ಕೆ) ಅಂತ ಕೊಡಿ.

ಇನ್ನೊಂದು ಏಜೆಂಟ್‌ದು. ಓದಿದ ಫೈಲು, ಬಂದ ಎರರ್ರು ಎಲ್ಲ ಅದರ ಕಾಂಟೆಕ್ಸ್ಟ್‌ಗೆ, ಅಂದರೆ ಒಂದು ಸಲಕ್ಕೆ ಕಣ್ಣಮುಂದೆ ಇಟ್ಟುಕೊಳ್ಳುವ ಜಾಗಕ್ಕೆ, ಸೇರುತ್ತಾ ಹೋಗುತ್ತದೆ. ತುಂಬುತ್ತಾ ಬಂದಾಗ ಹಳೆಯದನ್ನೆಲ್ಲ ಸಾರಾಂಶ ಮಾಡಿ ಮುಂದೆ ಓಡುತ್ತದೆ. ಲಾಗ್‌ನಲ್ಲಿ ಆ ಸಾರಾಂಶ ಹುಡುಕಿ ನೋಡಿ.

ಮಂಡಿಪೇಟೆ ಹುಡುಗ:
ಸಿಕ್ಕಿತು ಅಣ್ಣ. ರಾತ್ರಿ 1:40ಕ್ಕೆ ಮಾಡಿಕೊಂಡಿದೆ. "ಗುರಿ: ಎಲ್ಲ ಟೆಸ್ಟ್ ಪಾಸ್ ಆಗಬೇಕು" ಅಂತಿದೆ. "ಮುಟ್ಟಬೇಡ" ಅನ್ನೋದೇ ಇಲ್ಲ. ಟೆಸ್ಟ್ ತಿದ್ದಿದ್ದು 2:15ಕ್ಕೆ.

ಕೋಟೆ ಕಡೆಯವ:
ಅಲ್ಲೇ ಕಳೆದುಹೋಗಿದೆ ನೋಡಿ. ನಿಯಮವನ್ನು ಚಾಟ್‌ನಲ್ಲಿ ಹೇಳಿ ಬಿಡಬೇಡಿ. ಏಜೆಂಟ್ ಪ್ರತಿ ಸಲ ಶುರುವಿನಲ್ಲೇ ಓದುವ ಸೂಚನೆ ಫೈಲ್ ಇರುತ್ತದಲ್ಲ, ಅದರಲ್ಲಿ ಬರೆಯಿರಿ. ಪೂರ್ತಿ ಕೆಲಸ ಒಂದೇ ಸಲಕ್ಕೆ ಕೊಡಬೇಡಿ. ಒಂದು ಮಾಡ್ಯೂಲ್ (ಕೋಡ್‌ನ ಒಂದು ಭಾಗ), ಒಂದು ಗಿಟ್ ಕಮಿಟ್ (ಬದಲಾವಣೆಯನ್ನು ದಾಖಲಿಸೋದು), ಆಮೇಲೆ ಹೊಸ ಸೆಷನ್. ಎಲ್ಲಿಗೆ ಬಂತು ಅನ್ನೋದನ್ನು ಒಂದು ಫೈಲ್‌ನಲ್ಲಿ ಅದೇ ಬರೆದಿಡಲಿ.

ಇಷ್ಟು ಮಾಡಿದರೂ ನಂಬಬೇಡಿ. ಟೆಸ್ಟ್ ಫೋಲ್ಡರ್‌ನಲ್ಲಿ ಒಂದು ಸಾಲು ಬದಲಾದರೂ ಕಮಿಟ್ ನಿಲ್ಲಿಸುವ ಹುಕ್ (ಕಮಿಟ್‌ಗೆ ಮೊದಲು ತಾನಾಗೇ ಓಡುವ ಸ್ಕ್ರಿಪ್ಟ್) ಹಾಕಿ. ಸುಮ್ನೆ ರೀಡ್ ಓನ್ಲಿ ಮಾಡಿದರೆ ಸಾಲದು. ನಿಮ್ಮ ಯೂಸರ್ ಹೆಸರಲ್ಲೇ ಓಡುತ್ತಿದ್ದರೆ ಅನುಮತಿಯನ್ನು ಅದೇ ಬದಲಾಯಿಸಿಕೊಳ್ಳಬಹುದು. ನನಗೆ ಒಮ್ಮೆ ಹಾಗೇ ಆಗಿದೆ. ಕಂಟೇನರ್ (ಉಳಿದ ಸಿಸ್ಟಮ್‌ನಿಂದ ಬೇರೆ ಮಾಡಿದ ಜಾಗ) ಒಳಗೆ ಓಡಿಸಿ, ಟೆಸ್ಟ್ ಫೋಲ್ಡರನ್ನು ಹೊರಗಿನಿಂದ ಓದೋಕೆ ಮಾತ್ರ ಕೊಡಿ.

ಮಂಡಿಪೇಟೆ ಹುಡುಗ:
ಕಂಟೇನರ್ ಹಾಕಿ ಮತ್ತೆ ಓಡಿಸಿದೆ. ಈ ಸಲ ಹಮಾಲಿ ಮಾಡ್ಯೂಲ್‌ಗೆ ಬಂದು ನಿಂತಿತು. "ಟೆಸ್ಟ್ 63 ಕೇಳುತ್ತಿದೆ, ಪೈಥಾನ್ 3 ಲೆಕ್ಕ 62, ಯಾವುದು ಬೇಕು?" ಅಂತ ಕೇಳಿತು. ನಾನು ಚಿಕ್ಕಪ್ಪನನ್ನು ಕೇಳಿದೆ. "63 ಹಾಕೋ ಮಾರಾಯ, ಎಂಟಾಣೆಗೆ ಹಮಾಲರ ಹತ್ರ ಯಾರು ಜಗಳ ಆಡ್ತಾರೆ" ಅಂದರು.