ಒಂದೇ ಲ್ಯಾಪ್‌ಟಾಪಿನೊಳಗೂ ‘ದೂರದ ಕರೆ’ನಾ?

ಗೆಳೆಯರೆ,

ರಿಮೋಟ್ ಪ್ರೊಸೀಜರ್ ಕಾಲ್, ಅಂದರೆ ಆರ್‌ಪಿಸಿ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪ್ರೋಗ್ರಾಂ ಇನ್ನೊಂದು ಪ್ರೋಗ್ರಾಮಿನ ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಕರೆದು ಕೆಲಸ ಮಾಡಿಸಿಕೊಳ್ಳುವುದೇ ಇದು. ‘ಪ್ರೊಸೀಜರ್’ ಬಗ್ಗೆ ತಕರಾರಿಲ್ಲ, ಫಂಕ್ಷನ್ ಅಂತಲೇ ಬರೆಯುತ್ತೇನೆ. ಸಿಕ್ಕಿಕೊಂಡಿರುವುದು ‘ರಿಮೋಟ್’ನಲ್ಲಿ. ‘ದೂರಸ್ಥ’, ‘ದೂರದ ಕರೆ’ ಅಂದರೆ ಹಳೇ ಟ್ರಂಕ್ ಕಾಲ್ ನೆನಪಾಗುತ್ತದೆ, ಅದಾದರೂ ಪರವಾಗಿಲ್ಲ, ಅರ್ಥವೇ ದಾರಿ ತಪ್ಪುತ್ತದೆ.

1984ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಾದ ಪಾರ್ಕ್‌ನ ಬಿರೆಲ್ ಮತ್ತು ನೆಲ್ಸನ್ ಇದರ ಬಗ್ಗೆ ಬರೆದಾಗ ಅವರ ಕಣ್ಣಮುಂದೆ ಇದ್ದದ್ದು ನೆಟ್‌ವರ್ಕಿನ ಇನ್ನೊಂದು ಯಂತ್ರ, ಹಾಗಾಗಿ ‘ದೂರ’ ಸರಿಯೇ. ಈಗ ಒಂದೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಪ್ರೊಸೆಸ್ಸೊಂದು (ಓಡುತ್ತಿರುವ ಪ್ರೋಗ್ರಾಂ) ಪಕ್ಕದ ಸಿ ಪ್ಲಸ್ ಪ್ಲಸ್ ಪ್ರೊಸೆಸ್ಸಿನ ಫಂಕ್ಷನ್ ಕರೆದರೂ ಅದು ಆರ್‌ಪಿಸಿನೇ. ನಡುವಿನ ದಾರಿ ವಿಂಡೋಸಿನಲ್ಲಿ ನೇಮ್ಡ್ ಪೈಪ್, ಲಿನಕ್ಸಿನಲ್ಲಿ ಯುನಿಕ್ಸ್ ಡೊಮೈನ್ ಸಾಕೆಟ್, ಎರಡೂ ಕಡೆ ಒಂದೇ ಕೋಡ್ ಓಡಲಿ ಅನ್ನುವವರಿಗೆ ಸುಮ್ನೆ 127.0.0.1, ಅಂದರೆ ಯಂತ್ರಕ್ಕೆ ತನ್ನದೇ ವಿಳಾಸ. ಇದರಲ್ಲಿ ದೂರ ಎಲ್ಲಿದೆ? ಒಂದರ ಮೆಮೊರಿ ಇನ್ನೊಂದಕ್ಕೆ ಕಾಣುವುದಿಲ್ಲ, ಅಷ್ಟೇ. ಇಲ್ಲಿನ ಪಾಯಿಂಟರ್‌ಗೆ (ಮೆಮೊರಿ ವಿಳಾಸಕ್ಕೆ) ಅಲ್ಲಿ ಕಾಸಿನ ಬೆಲೆ ಇಲ್ಲ, ಡೇಟಾವನ್ನೇ ಬೈಟು ಮಾಡಿ ಕಳಿಸಬೇಕು.

ಅದಕ್ಕೇ ನನಗೆ ‘ಆಚೆ’ ಹಿಡಿಸಿದೆ. ಆಚೆಮನೆ ಅಂದರೆ ನಡುವೆ ಗೋಡೆ ಒಂದೇ ಇರಬಹುದು, ಅಡುಗೆಮನೆ ಮಾತ್ರ ಬೇರೆ. ತೊಡಕು ಅಂದರೆ ಬೆಂಗಳೂರು, ಮೈಸೂರು ಕಡೆ ‘ಆಚೆ’ ಅಂದರೆ ಹೊರಗೆ ಅಂತಲೂ ಆಗುತ್ತದಲ್ವಾ, ‘ಆಚೆ ಕರೆ’ ಅಂದರೆ ಯಾರನ್ನೋ ಹೊರಗೆ ಬಾ ಅಂತ ಕರೆಸಿದ ಹಾಗೆ! ‘ಆಚೆಯ ಫಂಕ್ಷನ್ ಕರೆಯುವುದು’ ಅಂತ ಬಿಡಿಸಿ ಬರೆದರೆ ಸರಿಹೋಗಬಹುದು, ಉದ್ದ ಜಾಸ್ತಿ.

ಇನ್ನೊಂದು, ‘ಮಾರ್ಷಲಿಂಗ್’, ಅಂದರೆ ಡೇಟಾವನ್ನು ಹೀಗೆ ಕಳಿಸಲು ಬೈಟುಗಳಾಗಿ ಜೋಡಿಸುವುದು. ‘ಕಟ್ಟುವುದು’ ಸಾಲದು. ನಮ್ಮ ಮಾಮೂಲಿ ಇಂಟೆಲ್ ಯಂತ್ರದಲ್ಲಿ ನಾಲ್ಕು ಬೈಟಿನ 1 ಕೂತಿರುವುದು 01 00 00 00 ಅಂತ. ಸನ್ ಕಂಪನಿಯ ಆರ್‌ಪಿಸಿ ಕಳಿಸುವ ಕ್ರಮ 00 00 00 01. ತಿರುಗಿಸದೆ ಹಾಗೇ ಓದಿದರೆ ಆ 1 ಹೋಗಿ 1,67,77,216 ಆಗುತ್ತದೆ. ಅಂದರೆ ಬರೀ ಮೂಟೆ ಕಟ್ಟುವ ಕೆಲಸ ಅಲ್ಲ, ಇಬ್ಬರೂ ಒಪ್ಪಿದ ಕ್ರಮದಲ್ಲಿ ಇಡುವ ಕೆಲಸ. ‘ಅಣಿಗೊಳಿಸು’ ಸರಿಯಾಗಿ ಕೂರುತ್ತದೆ, ಅಣಿಯಲ್ಲಿ ಸಾಲು, ಸಿದ್ಧತೆ ಎರಡೂ ಇವೆ. ಆದರೆ ಅದರ ಎದುರು ಪದ, ಬಂದ ಬೈಟಿನಿಂದ ಡೇಟಾ ಮತ್ತೆ ತೆಗೆಯುವುದಕ್ಕೆ? ‘ಬಿಡಿಸು’ ಅಂತ ಸದ್ಯಕ್ಕೆ ಹಾಕಿದ್ದೇನೆ, ಸಮಾಧಾನ ಇಲ್ಲ. ‘ಸ್ಟಬ್’ (ಎರಡೂ ಕಡೆ ನಿಂತು ಕರೆಯನ್ನು ದಾಟಿಸುವ ಕೋಡ್) ಮುಟ್ಟಲು ಹೋಗಿಲ್ಲ.

ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಹೇಳಿ, ‘ಆಚೆಯ ಫಂಕ್ಷನ್’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?