ಅನಘಾಳಿಗೆ ವಿಟಮಿನ್ ಡಿ: ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ

ಶ್ರೀಧರ ದೊಡ್ಡಪ್ಪ, ಫಾರ್ವರ್ಡ್ ಮಾಡಿದ ಸಂದೇಶ: ಸುಟ್ಟ ಗಾಯ ಕಲೆ ಉಳಿಯದಂತೆ ಬೇಗ ಮಾಯಬೇಕಾದರೆ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಹತ್ತು ದಿನ ಬಿಡದೆ ಹಾಲಿನಲ್ಲಿ ಕೊಡಿ. ಮಧ್ಯಾಹ್ನ ಅರ್ಧ ಗಂಟೆ ಗಾಯದ ಜಾಗಕ್ಕೆ ನೇರ ಬಿಸಿಲು ಬೀಳಲಿ.

ಶ್ರೀಧರ ದೊಡ್ಡಪ್ಪ: ಲಲಿತಾ, ಇದನ್ನು ನಿನಗಾಗಿಯೇ ಹಾಕಿದ್ದೇನೆ. ದೀಪಾವಳಿಯ ಎಣ್ಣೆಸ್ನಾನದ ದಿನ ಹಂಡೆಯ ಕುದಿನೀರು ಮಗುವಿನ ಕಾಲಿನ ಮೇಲೆ ಬಿದ್ದು ನಾಲ್ಕು ತಿಂಗಳಾಯಿತು. ಇನ್ನೂ ಅವಳು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವುದನ್ನು ನನ್ನಿಂದ ನೋಡಲಾಗುವುದಿಲ್ಲ.

ಲಲಿತಾ ಅತ್ತೆ: ಶ್ರೀಧರಣ್ಣ, ನೀವು ನಿನ್ನೆ ಫೋನಿನಲ್ಲಿ ಹೇಳಿದ ಕೂಡಲೇ ಹತ್ತು ಪುಡಿ ತರಿಸಿದೆ. ರಾತ್ರಿ ಒಂದನ್ನು ಹಾಲಿಗೆ ಬೆರೆಸಿ ಕೊಟ್ಟಾಗಿದೆ. ಎರಡನೆಯದನ್ನು ಇಂದು ರಾತ್ರಿ ಕೊಡುತ್ತೇನೆ.

ವಿದ್ಯಾ: ಅತ್ತೆ, ದಯವಿಟ್ಟು ಎರಡನೆಯದನ್ನು ಕೊಡಬೇಡಿ. ಒಂದು ಪುಡಿಯಿಂದ ಏನೂ ಆಗುವುದಿಲ್ಲ, ಗಾಬರಿ ಬೇಡ. ಆದರೆ ಇದು ವೈದ್ಯರು ಸಾಮಾನ್ಯವಾಗಿ ವಾರಕ್ಕೊಂದರಂತೆ ಬರೆದುಕೊಡುವ ಔಷಧ. ಹತ್ತು ದಿನ ದಿನಕ್ಕೊಂದರಂತೆ ಕೊಟ್ಟರೆ 11 ವರ್ಷದ ಮಗುವಿನ ಮೈಗೆ 6,00,000 ಯೂನಿಟ್ ಸೇರುತ್ತದೆ. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಡಿ ಹಾಗೆ ಹೋಗದೆ ಕೊಬ್ಬಿನಲ್ಲಿ ಉಳಿದುಕೊಳ್ಳುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ ಶುರುವಾಗುತ್ತವೆ, ಕೊನೆಗೆ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ.

ಶ್ರೀಧರ ದೊಡ್ಡಪ್ಪ: ಹಾಗಾದರೆ ಸುಟ್ಟವರಿಗೆ ವಿಟಮಿನ್ ಡಿ ಬೇಡವೆಂದು ನೀನು ಹೇಳುವುದೇನಮ್ಮ? ನೀನೇ ಆಸ್ಪತ್ರೆಯಲ್ಲಿ ಪಥ್ಯಾಹಾರ ನೋಡಿಕೊಳ್ಳುವವಳು.

ವಿದ್ಯಾ: ಬೇಕೇ ಬೇಕು ದೊಡ್ಡಪ್ಪ, ಆ ಮಾತಿನಲ್ಲಿ ನೀವು ಹೇಳಿದ್ದು ಸರಿ. ಬಿಸಿಲು ಬಿದ್ದಾಗ ಈ ವಿಟಮಿನ್ ತಯಾರಾಗುವುದು ಚರ್ಮದಲ್ಲಿ, ಸುಟ್ಟವರಲ್ಲಿ ಕೆಡುವುದೂ ಅದೇ ಚರ್ಮ. ಅಮೆರಿಕದ ಗೋರ್ಡನ್ ಕ್ಲೈನ್ ಮತ್ತು ಸಂಗಡಿಗರು 2004ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಟ್ಟ ಕಲೆಯಲ್ಲಿ ಮಾತ್ರವಲ್ಲ, ಅದರ ಪಕ್ಕದ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಚರ್ಮದಲ್ಲೂ ವಿಟಮಿನ್ ಡಿ ಹುಟ್ಟುವುದು ಕಡಿಮೆಯಾಗಿತ್ತು. ಅದಕ್ಕೇ ಗಾಯದ ಮೇಲೆ ಬಿಸಿಲು ಕಾಯಿಸುವ ಸಲಹೆ ಎರಡು ಬಗೆಯಲ್ಲಿ ತಪ್ಪು: ಅಲ್ಲಿಂದ ವಿಟಮಿನ್ ಹೆಚ್ಚು ಸಿಗುವುದಿಲ್ಲ, ಹೊಸ ಚರ್ಮ ಮಾತ್ರ ಕಪ್ಪಾಗುತ್ತದೆ, ಬೇಗ ಸುಡುತ್ತದೆ. ಅನಘಾ ಸ್ನಾನದ ಹೊತ್ತು ಬಿಟ್ಟು ದಿನಕ್ಕೆ 23 ಗಂಟೆ ಕಾಲಿಗೆ ಪ್ರೆಶರ್ ಗಾರ್ಮೆಂಟ್, ಅಂದರೆ ಕಲೆ ಉಬ್ಬದಂತೆ ಒತ್ತಿ ಹಿಡಿಯುವ ಬಿಗಿ ಬಟ್ಟೆ, ಹಾಕಿಕೊಂಡಿರಬೇಕು. ಬಿಸಿಲಿಗೆಂದು ಅದನ್ನು ಬಿಚ್ಚಿಡುವುದು ಸರಿಯಲ್ಲ. ಸುಡದ ಮುಖ, ಕೈಗಳ ಮೇಲೆ ಬಿಸಿಲು ಬಿದ್ದರೆ ಸಾಕು.

ಪ್ರಕಾಶ ಚಿಕ್ಕಪ್ಪ: ಲಲಿತಕ್ಕ, ಅವಳ ರಕ್ತದಲ್ಲಿ ವಿಟಮಿನ್ ಡಿ ಎಷ್ಟಿದೆ ಎಂದು ಯಾರಾದರೂ ನೋಡಿದ್ದಾರೆಯೇ?

ಲಲಿತಾ ಅತ್ತೆ: ಡಿಸ್ಚಾರ್ಜ್ ಕಾಗದವನ್ನು ಈಗ ತೆಗೆದು ನೋಡಿದೆ. ಎರಡನೆಯ ಪುಟದ ಕೆಳಗೆ, ಮಡಿಕೆ ಬಿದ್ದಲ್ಲಿ, 25-ಹೈಡ್ರಾಕ್ಸಿ ವಿಟಮಿನ್ ಡಿ 11 ಎಂದು ಇದೆ. ನಮಗೆ ಯಾರೂ ಈ ವಿಷಯ ಹೇಳಿಯೇ ಇಲ್ಲ.

ಶ್ರೀಧರ ದೊಡ್ಡಪ್ಪ: ನೋಡಿದಿರಾ! 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದು ನನ್ನ ರಿಪೋರ್ಟಿನಲ್ಲೇ ಅಚ್ಚಾಗಿದೆ. ನಾಲ್ಕು ತಿಂಗಳು ಸುಮ್ಮನೆ ಕಳೆದುಹೋಯಿತು.

ವಿದ್ಯಾ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ನನಗೂ ಬೇಸರವಾಗುತ್ತಿದೆ. ಆದರೂ ಆ 11ನ್ನು ನೆಚ್ಚಿಕೊಂಡು ಇಂದು ಪ್ರಮಾಣ ಗೊತ್ತುಮಾಡಲಾಗದು. ಸುಟ್ಟ ಮೊದಲ ವಾರಗಳಲ್ಲಿ ಗಾಯದಿಂದ ನೀರಿನೊಂದಿಗೆ ಪ್ರೋಟೀನೂ ಸೋರಿಹೋಗುತ್ತದೆ. ವಿಟಮಿನ್ ಡಿಯನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನ್ ಕುಸಿದಾಗ ಅಳತೆಯೂ ಇರುವುದಕ್ಕಿಂತ ಕೆಳಗೆ ಕಾಣಬಹುದು. ಅದಕ್ಕೆ ಈಗ ಮತ್ತೊಮ್ಮೆ ರಕ್ತ ಕೊಟ್ಟು, ಕ್ಯಾಲ್ಸಿಯಂ ಕೂಡ ನೋಡಿಸಿ, ಆಮೇಲೆ ವೈದ್ಯರಿಂದಲೇ ಪ್ರಮಾಣ ಬರೆಸಿಕೊಳ್ಳಬೇಕು. ನಿನ್ನೆ ಒಂದು ಪುಡಿ ಕೊಟ್ಟದ್ದನ್ನು ಅವರಿಗೆ ಮರೆಯದೆ ಹೇಳಿ.

ಪ್ರಕಾಶ ಚಿಕ್ಕಪ್ಪ: ಒಟ್ಟಿಗೆ ದೊಡ್ಡ ಪ್ರಮಾಣ ಕೊಟ್ಟರೆ ಬೇಗ ಗುಣವಾಗುವುದೆಂಬ ಮಾತಿನಲ್ಲಿ ಹುರುಳಿಲ್ಲವೇ?

ವಿದ್ಯಾ: ಸುಟ್ಟವರಲ್ಲೇ ಇದನ್ನು ಪರೀಕ್ಷಿಸಿದ ಅಧ್ಯಯನಗಳು ಚಿಕ್ಕವು. ಹತ್ತಿರದ ಒಂದು ದೊಡ್ಡ ಉದಾಹರಣೆ 2019ರದ್ದು. ಕೊರತೆಯಿದ್ದ, ತೀವ್ರ ಅಸ್ವಸ್ಥರಾದ ವಯಸ್ಕರಿಗೆ ಅಮೆರಿಕದಲ್ಲಿ 5,40,000 ಯೂನಿಟ್ ಒಂದೇ ಬಾರಿಗೆ ಕೊಟ್ಟರು. ರಕ್ತದ ಮಟ್ಟ ಏರಿತು, ಆದರೆ 90 ದಿನಗಳೊಳಗಿನ ಸಾವು ಕಡಿಮೆಯಾಗಲಿಲ್ಲ. ಯುರೋಪಿನ ಪೋಷಣಾ ತಜ್ಞರ 2013ರ ಶಿಫಾರಸಿನಲ್ಲಿ ದೊಡ್ಡ ಸುಟ್ಟಗಾಯದವರಿಗೆ ಸತು, ತಾಮ್ರ, ಸೆಲೆನಿಯಂ, ವಿಟಮಿನ್ ಬಿ1, ಸಿ ಮತ್ತು ಇಗಳ ಸಾಲಿನಲ್ಲೇ ಡಿ ಕೂಡ ಇದೆ. ಅಂದರೆ ಅದು ಊಟದ ಜೊತೆಗಿನ ಒಂದು ಭಾಗ, ಕಲೆ ಅಳಿಸುವ ಮದ್ದಲ್ಲ. ನನಗೆ ಚಿಂತೆ ಅವಳ ಮೂಳೆಯದ್ದು. ದೊಡ್ಡ ಸುಟ್ಟಗಾಯವಾದ ಮೇಲೆ ಮೈ ತನ್ನನ್ನೇ ಕರಗಿಸಿಕೊಳ್ಳುತ್ತದೆ, ಹಾಸಿಗೆ ಹಿಡಿದ ಕಾಲಿಗೆ ಭಾರ ಬೀಳುವುದಿಲ್ಲ, ಬೆಳೆಯುವ ಮಗುವಿನ ಮೂಳೆಯೇ ತೆಳುವಾಗಬಹುದು. ಮೊಟ್ಟೆ, ಬೇಳೆ, ಹಾಲು, ರಾಗಿ ಅಂಬಲಿ ಬಿಡಬೇಡಿ. ದಿನಾ ಎರಡು ಹೊತ್ತು ನಡೆಸಿ, ನೋವೆಂದರೂ ವ್ಯಾಯಾಮ ಹೇಳಿಕೊಟ್ಟವರ ಲೆಕ್ಕದಷ್ಟು ಮಾಡಿಸಿ.

ಲಲಿತಾ ಅತ್ತೆ: ಉಳಿದ ಒಂಬತ್ತು ಪುಡಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ ಬೀರುವಿನ ಮೇಲಿಟ್ಟಿದ್ದೇನೆ. ಗುರುವಾರ ಬೆಳಿಗ್ಗೆ ರಕ್ತ ಕೊಡಿಸಿ, ಅಲ್ಲಿಂದಲೇ ವೈದ್ಯರ ಬಳಿಗೆ ಹೋಗುತ್ತೇನೆ.

ಶ್ರೀಧರ ದೊಡ್ಡಪ್ಪ: ನಾನೂ ಬರುತ್ತೇನೆ, ಎರಡನೆಯ ಪುಟದ ಆ ಸಾಲನ್ನು ತೋರಿಸಿ ಕೇಳಬೇಕು. ಈ ಸಂದೇಶವನ್ನು ಇನ್ನೆರಡು ಗುಂಪುಗಳಿಗೂ ಹಾಕಿದ್ದೆ. ಈಗ ಎಲ್ಲ ಕಡೆಯೂ ಅಳಿಸಿ, ವಿದ್ಯಾ ಬರೆದದ್ದನ್ನು ಅಲ್ಲಿಗೆ ಕಳುಹಿಸುತ್ತಿದ್ದೇನೆ.